ಹಿರಿಯರಲ್ಲಿ ಕ್ಯಾನ್ಸರ್: ಊರಿನ ಡಾಕ್ಟರ ಚೀಟಿಯ ಮಹತ್ವ

ನಮ್ಮ ತೋಟಗಳ ಕಡೆ ಮನೆಯ ಹಿರಿಯರಿಗೆ ಕಾಯಿಲೆಯಾದರೆ ಮೊದಲು ನೆನಪಾಗುವುದು ಊರಿನ ಡಾಕ್ಟರು. ಕ್ಯಾನ್ಸರಿಗೆ ಅವರ ಬಳಿ ಚಿಕಿತ್ಸೆ ಇಲ್ಲದಿರಬಹುದು. ಆದರೆ ರೋಗದ ಅನುಮಾನ ಬಹುಮಟ್ಟಿಗೆ ಹುಟ್ಟುವುದು ಅವರಲ್ಲಿಯೇ; ದೊಡ್ಡಾಸ್ಪತ್ರೆಗೆ ದಾರಿ ತೋರಿಸುವುದೂ ಅವರು ಬರೆದುಕೊಡುವ ಚೀಟಿಯೇ. ಈ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಮನೆಯವರ ಪಾಲೇನು ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರಬಯಸುತ್ತೇವೆ.

ಯಾವಾಗ ತೋರಿಸಬೇಕು?

ಬಾಯಿಯಲ್ಲಿ 3 ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಕತ್ತಿನಲ್ಲಿ ಗಂಟು, ನುಂಗಲು ತೊಂದರೆ, ಬಹುದಿನ ಒಡೆದ ದನಿ, ಮಲದಲ್ಲಿ ರಕ್ತ, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ, ಕಾರಣವಿಲ್ಲದೆ ತೂಕ ಇಳಿಯುವುದು: ಇವುಗಳಲ್ಲಿ ಯಾವುದಿದ್ದರೂ ತೋರಿಸಲೇಬೇಕು. ಇದ್ದವರಿಗೆಲ್ಲ ಕ್ಯಾನ್ಸರ್ ಎಂದಲ್ಲ; ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು ಎಂದಷ್ಟೇ ಅರ್ಥ.

ಇಲ್ಲಿ ಒಂದು ಮಾತನ್ನು ಮುಚ್ಚಿಡುವಂತಿಲ್ಲ. ಹೊಗೆಸೊಪ್ಪು ಸೇರಿದ ಕವಳ ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಬಹುಕಾಲದಿಂದ ತಿಳಿದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆದು ಬದುಕುವ ನಮಗೆ ಇದು ಹಿತವಾದ ಮಾತಲ್ಲ. ಆದರೆ ಬೆಲೆಯ ಚಿಂತೆ ಬೇರೆ, ಮನೆಯ ಹಿರಿಯರ ಬಾಯಿಯ ಹುಣ್ಣಿನ ಚಿಂತೆ ಬೇರೆ. ಬಹುವರ್ಷ ಕವಳ ಹಾಕಿದವರು ವರ್ಷಕ್ಕೊಮ್ಮೆಯಾದರೂ ಡಾಕ್ಟರಿಗೆ ಬಾಯಿ ತೋರಿಸುವುದು ಒಳ್ಳೆಯದು.

ವಯಸ್ಸು ಮರೆಮಾಡುತ್ತದೆ

ಹಿರಿಯರಲ್ಲಿ ರೋಗ ತಡವಾಗಿ ತಿಳಿಯಲು ಒಂದು ಕಾರಣವೆಂದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು. ಸುಸ್ತಾದರೆ ವಯಸ್ಸು, ಊಟ ಸೇರದಿದ್ದರೆ ವಯಸ್ಸು, ರಕ್ತ ಹೋದರೆ ಮೂಲವ್ಯಾಧಿ. ರಕ್ತ ಕಡಿಮೆಯೆಂದು ಕಬ್ಬಿಣದ ಮಾತ್ರೆ ನುಂಗಿಸುವುದಷ್ಟೇ ಸಾಲದು. ರಕ್ತ ಎಲ್ಲಿ ಸೋರುತ್ತಿದೆಯೆಂದು ಹುಡುಕಬೇಕು. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಎಲೆ ಹಳದಿಯಾಗುವವರೆಗೆ ಕಾಯದೆ ಕಾಂಡದ ಮೇಲಿನ ಏಣು ನೋಡಿಯೇ ನಾವು ಗುರುತಿಸುವುದಿಲ್ಲವೇ? ಇದೂ ಹಾಗೆಯೇ.

ಚೀಟಿಯಲ್ಲಿ ಏನಿರಬೇಕು?

"ಮುಂದಿನ ಚಿಕಿತ್ಸೆಗಾಗಿ ಕಳಿಸಿದೆ" ಎಂಬ ಒಂದು ಸಾಲಿನ ಚೀಟಿ ಹಿರಿಯರ ವಿಷಯದಲ್ಲಿ ಸಾಲದು. ತೊಂದರೆ ಎಂದಿನಿಂದ, ಪರೀಕ್ಷೆಯಲ್ಲಿ ಕಂಡದ್ದೇನು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ ಮತ್ತು ಮೂತ್ರಪಿಂಡಗಳ ಸ್ಥಿತಿ, ಈಗ ಸೇವಿಸುತ್ತಿರುವ ಎಲ್ಲ ಔಷಧಿ ಅದರಲ್ಲಿರಬೇಕು. ರಕ್ತ ತೆಳುವಾಗಿಸುವ ಮಾತ್ರೆಯ ಹೆಸರು ಬಿಡಲೇಕೂಡದು. ಇಷ್ಟೇ ಮುಖ್ಯವಾದದ್ದು ಅವರು ದಿನ ಕಳೆಯುವ ರೀತಿ: ತಾವೇ ಸ್ನಾನ ಮಾಡುವರೇ, ತೋಟಕ್ಕೆ ನಡೆದು ಹೋಗುವರೇ, ನೆನಪು ಹೇಗಿದೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರು. ಇದನ್ನು ವರ್ಷಗಳಿಂದ ಬಲ್ಲವರು ಊರಿನ ಡಾಕ್ಟರೇ.

ತಜ್ಞರು ಮಾಡುವುದೇನು?

ಸಾಮಾನ್ಯವಾಗಿ ಮೊದಲು ಗಂಟಿನ ಅಥವಾ ಹುಣ್ಣಿನ ಚೂರು ತೆಗೆದು ಪರೀಕ್ಷಿಸುತ್ತಾರೆ. ಈ ಪರೀಕ್ಷೆಯಿಂದ ರೋಗ ಹರಡುತ್ತದೆಂಬ ಭಯಕ್ಕೆ ಹೆದರಿ ಚಿಕಿತ್ಸೆ ಮುಂದೂಡಬಾರದು. ಅನಂತರ ಶಸ್ತ್ರಚಿಕಿತ್ಸೆ, ವಿಕಿರಣ, ಔಷಧಿ ಇವುಗಳಲ್ಲಿ ಯಾವುದನ್ನು ದೇಹ ತಾಳೀತೆಂದು ನಿರ್ಧರಿಸುತ್ತಾರೆ. 75 ವರ್ಷದ ಗಟ್ಟಿಮುಟ್ಟಾದವರು ಪೂರ್ಣ ಚಿಕಿತ್ಸೆ ತಾಳಬಹುದು. 65ರ ದುರ್ಬಲರಿಗೆ ಅದು ಹೆಚ್ಚಾಗಬಹುದು. ಆದ್ದರಿಂದ ನೋಡಬೇಕಾದುದು ವಯಸ್ಸೊಂದನ್ನೇ ಅಲ್ಲ, ಶಕ್ತಿಯನ್ನು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 2018ರಲ್ಲಿ ಹಿರಿಯ ರೋಗಿಗಳಿಗಾಗಿಯೇ ಪ್ರತ್ಯೇಕ ವಿಭಾಗ ಆರಂಭಿಸಿತು. ರೋಗ ವಾಸಿಯಾಗದಿದ್ದರೂ ನೋವು, ಉಬ್ಬಸ ತಗ್ಗಿಸುವ ಉಪಶಮನ ಚಿಕಿತ್ಸೆ ಇದ್ದೇ ಇದೆ. "ಈ ವಯಸ್ಸಿನಲ್ಲಿ ಯಾಕೆ ಹಿಂಸೆ" ಎಂದು ಮನೆಯಲ್ಲೇ ನಿಲ್ಲಿಸಿದರೆ ಹಿರಿಯರಿಗೆ ಅದೂ ತಪ್ಪುತ್ತದೆ.

ಮನೆಯವರ ಕೆಲಸ

ಹಳೆಯ ರಿಪೋರ್ಟು, ಎಕ್ಸರೇ, ಮಾತ್ರೆಗಳ ಪಟ್ಟಿ ಒಂದು ಚೀಲದಲ್ಲಿರಲಿ. ಚೂರು ಪರೀಕ್ಷೆ ಬೇರೆಡೆ ಆಗಿದ್ದರೆ ಅದರ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕನ್ನೂ ಪ್ರಯೋಗಾಲಯದಿಂದ ಕೇಳಿ ಪಡೆಯಿರಿ. ರೋಗದ ಹೆಸರನ್ನು ಹಿರಿಯರಿಂದ ಮುಚ್ಚಿಟ್ಟು ಮಕ್ಕಳೇ ತೀರ್ಮಾನಿಸುವುದು ಸರಿಯಲ್ಲ. ದೇಹ ಅವರದು, ಮಾತೂ ಅವರದಿರಲಿ.

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ನಮ್ಮ ರಾಜ್ಯದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ನೀಡುವಂಥದು. ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗುವವರು ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ಬಗ್ಗೆ ವಿಚಾರಿಸಿಕೊಳ್ಳಬೇಕು.

ಕೊನೆಯದಾಗಿ, ಚೀಟಿ ಕೈಗೆ ಬಂದ ಮೇಲೆ "ಕೊಯ್ಲು ಮುಗಿಯಲಿ, ಕಾಫಿ ಒಣಗಲಿ" ಎಂದು ಮುಂದೂಡಬೇಡಿ. ಕೊಯ್ಲಿಗೆ ನೆರೆಯವರ ಸಹಾಯ ಕೇಳಬಹುದು. ಕಳೆದುಹೋದ ತಿಂಗಳುಗಳನ್ನು ಯಾರಿಂದಲೂ ಸಾಲ ತರಲಾಗದು.