ಕಣ್ಣಿಗೆ ಬಂದ ಇಂಗ್ಲಿಷ್ ಬಾಯಿಗೆ ಬಾರದೇಕೆ?

1994ನೆಯ ಇಸವಿಯ ಮಾತು. ಮಠವೊಂದರಲ್ಲಿ ಏರ್ಪಟ್ಟಿದ್ದ ವಚನ ಸಾಹಿತ್ಯ ಗೋಷ್ಠಿಗೆ ಯುರೋಪಿನಿಂದ ಒಬ್ಬ ಸಂಶೋಧಕಿ ಬಂದಿದ್ದರು. ದಾಸೋಹದ ಪಂಕ್ತಿಯಲ್ಲಿ ಅವರು ನನ್ನ ಎಡಕ್ಕೆ ಕುಳಿತಿದ್ದರು. ಎದುರು ಸಾಲಿನ ಹಿರಿಯರೊಬ್ಬರ ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು ಕಂಡು, ಅದೇನೆಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು. ಪ್ರಶ್ನೆ ನನಗೆ ಪೂರ್ಣವಾಗಿ ಅರ್ಥವಾಯಿತು. ಮಠದ ಪಾಠಶಾಲೆಯಲ್ಲಿ ಬೆಳೆದವನು ನಾನು; ಇಷ್ಟಲಿಂಗದ ಸ್ವರೂಪವನ್ನು ಕುರಿತು ಕನ್ನಡದಲ್ಲಾಗಲಿ ಸಂಸ್ಕೃತದಲ್ಲಾಗಲಿ ಒಂದು ಗಂಟೆ ನಿರರ್ಗಳವಾಗಿ ಮಾತನಾಡಬಲ್ಲವನಾಗಿದ್ದೆ. ಇಂಗ್ಲಿಷ್ ಗ್ರಂಥಗಳನ್ನೂ ನಿಘಂಟಿನ ನೆರವಿಲ್ಲದೆ ಓದುತ್ತಿದ್ದೆ. ಆದರೆ ‘ಇಟ್ ಈಸ್’ ಎಂದು ಆರಂಭಿಸಿದವನು, ಮುಂದೆ ‘ಎ’ ಬರಬೇಕೋ ‘ದಿ’ ಬರಬೇಕೋ ಎಂಬ ವಿಚಾರದಲ್ಲಿ ಸಿಕ್ಕಿ ಅಲ್ಲಿಯೇ ನಿಂತುಬಿಟ್ಟೆ. ಅಷ್ಟರಲ್ಲಿ ನನ್ನ ಬಲಕ್ಕಿದ್ದ ತರುಣನೊಬ್ಬನು ಸರಾಗವಾದ ಇಂಗ್ಲಿಷಿನಲ್ಲಿ, ಅದೊಂದು ತಾಯಿತವೆಂದೂ ಭೂತಪ್ರೇತಗಳ ಬಾಧೆ ತಟ್ಟದಿರಲೆಂದು ಧರಿಸುವರೆಂದೂ ಹೇಳಿದನು. ಊಟವಾದ ಮೇಲೆ ಆಕೆ ಅದನ್ನೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ನಾನು ನೋಡುತ್ತ ನಿಂತಿದ್ದೆ.

ದೀಕ್ಷೆಯಲ್ಲಿ ಗುರುವು ಕೈಗಿತ್ತು, ಅಂಗೈಯಲ್ಲಿರಿಸಿ ಪೂಜಿಸುವ ಲಿಂಗವು ತಾಯಿತವಲ್ಲ ಎಂದು ಹೇಳುವುದಕ್ಕೆ ಎಷ್ಟು ಇಂಗ್ಲಿಷ್ ಬೇಕು? ನಾಲ್ಕು ವಾಕ್ಯ. ಆ ನಾಲ್ಕೂ ವಾಕ್ಯಗಳು ನನ್ನ ತಲೆಯಲ್ಲಿದ್ದವು, ಬಾಯಿಯಲ್ಲಿರಲಿಲ್ಲ. ಆ ತರುಣನಲ್ಲಿ ತಿಳಿವಳಿಕೆ ಇರಲಿಲ್ಲ, ಬಾಯಿ ಇತ್ತು. ಅವನನ್ನು ನಾನು ದೂಷಿಸಲಾರೆ; ಮೌನವಾಗಿದ್ದು ಅವನಿಗೆ ಎಡೆ ಮಾಡಿಕೊಟ್ಟವನು ನಾನೇ.

ಇದು ನನ್ನೊಬ್ಬನ ಕಥೆಯಲ್ಲವೆಂಬುದು ಈ ಪುಟಗಳನ್ನು ಓದುವ ಅನೇಕ ಮನೆಗಳಿಗೆ ಗೊತ್ತು. ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಎಂಬತ್ತು ಅಂಕ ಪಡೆದ ಹಳ್ಳಿಯ ಹುಡುಗನು ಸಂದರ್ಶನದ ಮೇಜಿನ ಎದುರಿಗೆ ತನ್ನ ಹೆಸರು ಹೇಳುವಷ್ಟರಲ್ಲಿ ಬೆವರುತ್ತಾನೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ತಾಯಿ, ಪಕ್ಕದ ಮನೆಯಾಕೆ ನಕ್ಕು ಮಾತನಾಡಿಸಿದರೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋಗುತ್ತಾಳೆ. ‘ನನಗೆ ಧೈರ್ಯವಿಲ್ಲ, ಧೈರ್ಯ ಬಂದ ಮೇಲೆ ಮಾತನಾಡುತ್ತೇನೆ’ ಎಂಬುದು ಎಲ್ಲರ ಉತ್ತರ. ನಾನೂ ಹಾಗೆಯೇ ತಿಳಿದಿದ್ದೆ. ಅದು ತಪ್ಪೆಂದು ಅರಿಯಲು ಕೆಲವು ವರ್ಷಗಳೇ ಬೇಕಾದವು. ಈಜಲು ಬಂದ ಮೇಲೆ ಬಾವಿಗೆ ಇಳಿಯುತ್ತೇನೆ ಎಂದವನಿಗೂ ನಮಗೂ ವ್ಯತ್ಯಾಸವಿಲ್ಲ.

ಆಶ್ಚರ್ಯವೆಂದರೆ, ಪರಭಾಷೆಯನ್ನು ಬಾಯಿಗೆ ತರುವ ಕ್ರಮ ನನಗೆ ಬಾಲ್ಯದಲ್ಲಿಯೇ ಗೊತ್ತಿತ್ತು. ಪಾಠಶಾಲೆಯಲ್ಲಿ ಅಮರಕೋಶವನ್ನು ನಾವು ಓದಿ ಕಲಿಯಲಿಲ್ಲ. ಗುರುಗಳು ಒಂದು ಪಾದ ಹೇಳುವರು, ನಾವು ಅದನ್ನೇ ಹೇಳುವೆವು. ಎರಡು ಪಾದ, ಆಮೇಲೆ ಪೂರ್ಣ ಶ್ಲೋಕ. ನಾಲಿಗೆಗೆ ಹತ್ತುವವರೆಗೆ ಪುಸ್ತಕ ತೆರೆಯುವಂತಿರಲಿಲ್ಲ. ಅರ್ಥ ಹಿಂದಿನಿಂದ ಬರುತ್ತಿತ್ತು, ವ್ಯಾಕರಣ ಅದಕ್ಕೂ ಹಿಂದಿನಿಂದ. ಇಂಗ್ಲಿಷನ್ನು ಮಾತ್ರ ಇದಕ್ಕೆ ವಿರುದ್ಧವಾಗಿ ಕಲಿತೆವು: ಮೊದಲು ಅಕ್ಷರ, ಆಮೇಲೆ ವ್ಯಾಕರಣ, ಆಮೇಲೆ ಭಾಷಾಂತರ, ಬಾಯಿಯ ಸರದಿ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತಿತ್ತು.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಹೈನ್ರಿಖ್ ಶ್ಲೀಮನ್ ಎಂಬ ಜರ್ಮನ್ ವರ್ತಕನ ವೃತ್ತಾಂತ. 1822ರಲ್ಲಿ ಬಡ ಪಾದ್ರಿಯ ಮಗನಾಗಿ ಹುಟ್ಟಿದ ಈತನು ಮುಂದೆ ಪ್ರಾಚೀನ ಟ್ರಾಯ್ ನಗರದ ಉತ್ಖನನದಿಂದ ಲೋಕಪ್ರಸಿದ್ಧನಾದನು. ತರುಣನಾಗಿದ್ದಾಗ ಆಂಸ್ಟರ್‌ಡ್ಯಾಮಿನ ಅಂಗಡಿಯೊಂದರಲ್ಲಿ ಸಣ್ಣ ಚಾಕರಿಯಲ್ಲಿದ್ದು, ಬಂದ ಸಂಬಳದ ಅರ್ಧವನ್ನು ಕಲಿಕೆಗೆ ವೆಚ್ಚ ಮಾಡುತ್ತಿದ್ದನಂತೆ. 1880ರಲ್ಲಿ ಪ್ರಕಟವಾದ ‘ಇಲಿಯೋಸ್’ ಗ್ರಂಥದ ಆರಂಭದಲ್ಲಿ ತಾನು ಇಂಗ್ಲಿಷ್ ಕಲಿತ ಬಗೆಯನ್ನು ಅವನೇ ಬರೆದಿದ್ದಾನೆ. ಬಹಳಷ್ಟು ಗಟ್ಟಿಯಾಗಿ ಓದುವುದು, ಭಾಷಾಂತರ ಮಾಡದಿರುವುದು, ತನಗೆ ಆಸಕ್ತಿಯಿರುವ ವಿಷಯದ ಮೇಲೆ ದಿನವೂ ಸಣ್ಣ ಪ್ರಬಂಧ ಬರೆದು, ಉಪಾಧ್ಯಾಯನಿಂದ ತಿದ್ದಿಸಿ, ತಿದ್ದಿದ್ದನ್ನು ಬಾಯಿಪಾಠ ಮಾಡಿ ಮರುದಿನ ಒಪ್ಪಿಸುವುದು. ಭಾನುವಾರ ಎರಡು ಬಾರಿ ಇಂಗ್ಲಿಷ್ ಇಗರ್ಜಿಗೆ ಹೋಗಿ, ಪ್ರವಚನದ ಪ್ರತಿಯೊಂದು ಪದವನ್ನೂ ಪಾದ್ರಿಯ ಹಿಂದೆಯೇ ಮೆಲುದನಿಯಲ್ಲಿ ಹೇಳಿಕೊಳ್ಳುತ್ತಿದ್ದನು. ನಮ್ಮ ಪಾಠಶಾಲೆಯ ಕ್ರಮವೇ ಅಲ್ಲವೇ ಇದು?

ರಷ್ಯನ್ ಕಲಿಯಹೊರಟಾಗ ಅವನಿಗೆ ಆ ಊರಿನಲ್ಲಿ ಗುರುವೇ ದೊರೆಯಲಿಲ್ಲ. ಪುಸ್ತಕವೊಂದನ್ನು ಕಂಠಪಾಠ ಮಾಡತೊಡಗಿದನು. ಆದರೆ ಗೋಡೆಯ ಮುಂದೆ ಒಪ್ಪಿಸಿದರೆ ಉತ್ಸಾಹ ಬಾರದು. ಅದಕ್ಕಾಗಿ ವಾರಕ್ಕೆ ನಾಲ್ಕು ಫ್ರಾಂಕ್ ಕೊಟ್ಟು ಬಡ ಯಹೂದಿಯೊಬ್ಬನನ್ನು ಗೊತ್ತುಮಾಡಿಕೊಂಡನು. ದಿನವೂ ಸಂಜೆ ಎರಡು ಗಂಟೆ ಕುಳಿತು ಕೇಳುವುದಷ್ಟೇ ಆ ಯಹೂದಿಯ ಕೆಲಸ. ಅವನಿಗೆ ರಷ್ಯನ್ನಿನ ಒಂದು ಅಕ್ಷರವೂ ತಿಳಿಯದು! ಇವನ ಅಬ್ಬರಕ್ಕೆ ನೆರೆಯವರು ದೂರಿ, ಎರಡು ಸಲ ಬಾಡಿಗೆ ಮನೆ ಬದಲಿಸಬೇಕಾಯಿತಂತೆ. ಆರು ವಾರಗಳಲ್ಲಿ ರಷ್ಯನ್ ಭಾಷೆಯಲ್ಲಿ ಮೊದಲ ವ್ಯಾಪಾರ ಪತ್ರ ಬರೆದೆನೆಂದು ಹೇಳಿಕೊಂಡಿದ್ದಾನೆ. ಶ್ಲೀಮನ್ನನ ಆತ್ಮಕಥನದಲ್ಲಿ ಉತ್ಪ್ರೇಕ್ಷೆ ಉಂಟೆಂದು ವಿದ್ವಾಂಸರು ಹೇಳುತ್ತಾರೆ. ಆರು ವಾರವನ್ನು ಆರು ತಿಂಗಳೆಂದು ಎಣಿಸಿದರೂ ನನ್ನ ಅಭ್ಯಂತರವಿಲ್ಲ. ಆ ಬಡ ಯಹೂದಿ ಮಾತ್ರ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟನು. ತಿದ್ದುವ ಗುರುವಿಗಿಂತ ಮೊದಲು, ನಗದೆ ಕೇಳುವ ಒಂದು ಕಿವಿ ಬೇಕು.

ಕೇಳಿದರಷ್ಟೇ ಸಾಲದು, ಆಡಬೇಕು ಎಂಬುದಕ್ಕೆ ಆಧುನಿಕ ಪ್ರಮಾಣವೂ ಇದೆ. ಕೆನಡಾದಲ್ಲಿ 1965ರಿಂದ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಎಲ್ಲ ವಿಷಯಗಳನ್ನೂ ಫ್ರೆಂಚಿನಲ್ಲಿಯೇ ಬೋಧಿಸುವ ಶಾಲೆಗಳು ಆರಂಭವಾದವು. ವರ್ಷಗಟ್ಟಲೆ ಫ್ರೆಂಚನ್ನು ಕೇಳಿದ ಆ ಮಕ್ಕಳು ಕೇಳಿದ್ದನ್ನು ಚೆನ್ನಾಗಿ ಗ್ರಹಿಸುತ್ತಿದ್ದರು; ಮಾತನಾಡುವುದರಲ್ಲಿ ಮಾತ್ರ ಹಿಂದುಳಿದಿದ್ದರು. ಇದನ್ನು ಪರಿಶೀಲಿಸಿದ ಮೆರಿಲ್ ಸ್ವೇನ್ ಎಂಬ ವಿದುಷಿ, ಕಲಿಯುವವನು ತಾನೇ ಮಾತು ಕಟ್ಟುವ ಒತ್ತಡಕ್ಕೆ ಒಳಗಾದಾಗಲೇ ತನ್ನ ಕೊರತೆ ತನಗೆ ಕಾಣುತ್ತದೆ ಎಂದು 1985ರಲ್ಲಿ ಪ್ರತಿಪಾದಿಸಿದರು.

ನಾನು ಮಾಡಿದ್ದನ್ನು ಹೇಳುತ್ತೇನೆ. ಕಿರುತರಂಗದ ರೇಡಿಯೊದಲ್ಲಿ ಬೆಳಗಿನ ಬಿಬಿಸಿ ವಾರ್ತೆಯನ್ನು ಹಾಕಿ, ವಾಚಕನ ಹಿಂದೆಯೇ ಪಿಸುದನಿಯಲ್ಲಿ ಹೇಳುತ್ತ ಹೋದೆ. ಮೊದಲ ತಿಂಗಳು ಹತ್ತರಲ್ಲಿ ಎರಡು ಪದ ಸಿಕ್ಕರೆ ಹೆಚ್ಚು. ಮನೆಯಾಕೆ, ‘ಇದೇನು ಹೊಸ ಜಪ ಹಿಡಿದಿರಿ’ ಎಂದು ಕೇಳಿದಳು. ಸಂಜೆ ಓಣಿಯ ಹೈಸ್ಕೂಲು ಹುಡುಗನೊಬ್ಬನನ್ನು ಎದುರಿಗೆ ಕೂರಿಸಿಕೊಂಡು, ಆ ದಿನ ಕಂಡದ್ದನ್ನು ಐದು ನಿಮಿಷ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಅವನಿಗೆ ಶುಲ್ಕ, ಒಂದು ಹಿಡಿ ಶೇಂಗಾ. ಇಂದು ಕಿಸೆಯ ಫೋನಿನಲ್ಲಿಯೇ ಎಲ್ಲ ದೇಶಗಳ ದನಿಯೂ ಇದೆ, ನಮ್ಮ ದನಿಯನ್ನು ಮುದ್ರಿಸಿಕೊಂಡು ಕೇಳುವ ಸೌಕರ್ಯವೂ ಇದೆ. ಎದುರಿಗೆ ಕುಳಿತ ಮನುಷ್ಯನ ಮುಖ ಮಾತ್ರ ಅದರಲ್ಲಿಲ್ಲ.

ಅನುಕರಿಸಿ ಹೇಳುವಾಗ ಮೊದಲು ಗೋಚರವಾದದ್ದು ಒತ್ತು. ಕನ್ನಡದಲ್ಲಿ ಅಕ್ಷರಗಳನ್ನು ಹೆಚ್ಚುಕಡಿಮೆ ಸಮತೂಕದಲ್ಲಿ ಉಚ್ಚರಿಸುತ್ತೇವೆ. ಇಂಗ್ಲಿಷಿನಲ್ಲಿ ಪದದ ಒಂದು ಭಾಗವನ್ನು ಎತ್ತಿ, ಉಳಿದುದನ್ನು ನುಂಗಿಬಿಡುತ್ತಾರೆ. ‘ಫೋಟೊಗ್ರಾಫ್’ ಎಂಬಲ್ಲಿ ಒತ್ತು ಮೊದಲ ಭಾಗಕ್ಕೆ. ‘ಫೊಟಾಗ್ರಫಿ’ ಎಂದೊಡನೆ ಎರಡನೆಯದಕ್ಕೆ ಜಾರುತ್ತದೆ. ‘ಫೋಟೊಗ್ರಾಫಿಕ್’ ಎಂದರೆ ಮೂರನೆಯದಕ್ಕೆ. ನಾವು ಮೂರನ್ನೂ ಒಂದೇ ಸಮ ಹೇಳುವುದರಿಂದ ಕೇಳುವವರು ಹುಬ್ಬು ಗಂಟಿಕ್ಕುತ್ತಾರೆ. ನಮ್ಮ ವ್ಯಾಕರಣವೇ ತಪ್ಪಿತೆಂದು ನಾವು ಕುಗ್ಗುತ್ತೇವೆ. ‘ಎಗ್’ ಎನ್ನಲು ‘ಯೆಗ್’ ಎನ್ನುವುದು, ‘ಓನ್ಲಿ’ಯನ್ನು ‘ವೋನ್ಲಿ’ ಮಾಡುವುದು ನಮ್ಮ ನಾಲಿಗೆಯ ಸಹಜ ಗುಣ. ಅದಕ್ಕೆ ನಾಚಬೇಕಿಲ್ಲ, ಒತ್ತು ಸರಿಯಾಗಿದ್ದರೆ ಅಷ್ಟನ್ನು ಯಾರೂ ಎಣಿಸುವುದಿಲ್ಲ.

ಹೌದು-ಅಲ್ಲಗಳ ಮೋಸವನ್ನು ಮಾತ್ರ ಅರಿತಿರಲೇಬೇಕು. ‘ನಿಮ್ಮದು ಊಟವಾಗಿಲ್ಲವೇ?’ ಎಂದರೆ ನಾವು ‘ಹೌದು, ಆಗಿಲ್ಲ’ ಎನ್ನುತ್ತೇವೆ. ಇಂಗ್ಲಿಷಿನವರು ಇದೇ ಅರ್ಥಕ್ಕೆ ‘ನೋ’ ಎನ್ನುತ್ತಾರೆ. ನಮ್ಮ ತಾಯಿ ‘ಯೆಸ್’ ಎಂದಳೆಂದರೆ ಊಟವಾಗಿದೆಯೆಂದು ತಿಳಿದು ಅವರು ತಟ್ಟೆ ಎತ್ತಿಬಿಟ್ಟಾರು! ವಿನಯದ ಮಾತೂ ಹಾಗೆಯೇ. ‘ನೀರು ಕೊಡ್ರಿ’ ಎಂಬಲ್ಲಿ ನಮ್ಮ ಮರ್ಯಾದೆಯೆಲ್ಲ ಆ ‘ರಿ’ಯಲ್ಲಿ ಅಡಗಿದೆ. ಅದನ್ನು ಇದ್ದಂತೆ ‘ಗಿವ್ ಮಿ ವಾಟರ್’ ಎಂದರೆ ಆಜ್ಞೆಯಾಗುತ್ತದೆ. ಅವರಲ್ಲಿ ನೀನು-ನೀವು ಎಂಬ ಭೇದವಿಲ್ಲ. ‘ಕುಡ್ ಐ ಹ್ಯಾವ್ ಸಮ್ ವಾಟರ್, ಪ್ಲೀಸ್?’ ಎಂದು ಸುತ್ತುಮಾತಿನಲ್ಲಿ ಕೇಳುವುದೇ ಅವರ ಬಹುವಚನ. ಇದರೊಂದಿಗೆ, ‘ಸಾರಿ, ಕುಡ್ ಯು ಸೇ ದಟ್ ಅಗೇನ್?’ ಎಂಬ ಒಂದು ವಾಕ್ಯವನ್ನು ಪಂಚಾಕ್ಷರಿಯಂತೆ ನಾಲಿಗೆಯ ತುದಿಯಲ್ಲಿಟ್ಟುಕೊಳ್ಳಬೇಕು. ತಿಳಿಯದ್ದನ್ನು ತಿಳಿಯಲಿಲ್ಲವೆಂದು ಅವರದೇ ಮಾತಿನಲ್ಲಿ ಹೇಳಬಲ್ಲೆನೆಂಬ ನಂಬಿಕೆ ಬಂದೊಡನೆ ಅರ್ಧ ಭಯ ಹೋಗುತ್ತದೆ. ಉಳಿದರ್ಧವು ನಮ್ಮ ಮನೆಗಳಲ್ಲಿಯೇ ಇದೆ.

ಅದನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಾಗ ಕನ್ನಡ ಅವರಿಗೆ ಪರಭಾಷೆ. 1843ರಲ್ಲಿ ಅವರು ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದರು. 1853ರಲ್ಲಿ ಬಂದ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅಚ್ಚಾಯಿತು. ಆರಂಭದಲ್ಲಿ ಅವರೂ ತಪ್ಪು ಕನ್ನಡವನ್ನೇ ಆಡಿರಬೇಕು. ತಪ್ಪದೆ ಕಲಿತವರು ಯಾರಿದ್ದಾರೆ? ಇಂದಿಗೂ ಪರದೇಶದವನೊಬ್ಬ ‘ನಾನು ಊಟ ಬೇಕು’ ಎಂದರೆ ನಾವು ಹಿಗ್ಗಿ ಅವನಿಗೆ ಇನ್ನೊಂದು ಹೋಳಿಗೆ ಬಡಿಸುತ್ತೇವೆ. ನಮ್ಮದೇ ಹುಡುಗ ಇಂಗ್ಲಿಷಿನಲ್ಲಿ ಅಷ್ಟೇ ತಪ್ಪು ಮಾಡಿದರೆ ಅಣ್ಣನಾದವನು ನಗುತ್ತಾನೆ, ಬೀಗರ ಮುಂದೆ ಅದನ್ನು ಆಡಿ ತೋರಿಸುತ್ತಾನೆ. ಕಾನ್ವೆಂಟಿನಲ್ಲಿ ಕಲಿತ ಮೊಮ್ಮಗಳು ಅಜ್ಜಿಯ ‘ಯೆಸ್’ಗೆ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಆ ಅಜ್ಜಿ ಮತ್ತೆ ಬಾಯಿ ತೆರೆಯುವುದಿಲ್ಲ. ಇದಕ್ಕೆ ಪರಿಹಾರವೆಂದು ಕೆಲವರು ಮನೆಯಲ್ಲಿ ಕನ್ನಡವನ್ನೇ ಬಿಟ್ಟು ಅರೆಬೆಂದ ಇಂಗ್ಲಿಷನ್ನು ಕೂಸಿನ ತೊಟ್ಟಿಲಿನಿಂದ ಆರಂಭಿಸಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹೇಳಲು ವಿಷಯವುಳ್ಳವನಿಗೆ ಪರಭಾಷೆ ಇಂದಲ್ಲ ನಾಳೆ ದಕ್ಕುತ್ತದೆ; ಆ ವಿಷಯ ಮನಸ್ಸಿನಲ್ಲಿ ಬೆಳೆಯುವುದು ತಾಯ್ನುಡಿಯಲ್ಲಿ. ಅಂದು ಪಂಕ್ತಿಯಲ್ಲಿ ಕುಳಿತ ತರುಣನ ಇಂಗ್ಲಿಷಿನಲ್ಲಿ ಯಾವ ದೋಷವೂ ಇರಲಿಲ್ಲವಲ್ಲ.

ಆ ಸಂಶೋಧಕಿಯನ್ನು ನಾನು ಮತ್ತೆ ಕಾಣಲಿಲ್ಲ. ಅವರ ಟಿಪ್ಪಣಿಯಲ್ಲಿ ತಾಯಿತವು ತಾಯಿತವಾಗಿಯೇ ಉಳಿದಿರಬಹುದು. ನಾಲ್ಕಾರು ವರ್ಷಗಳ ತರುವಾಯ ಮತ್ತೊಬ್ಬ ವಿದೇಶಿ ವಿದ್ವಾಂಸರು ಇಂಥದೇ ಪ್ರಶ್ನೆ ಕೇಳಿದಾಗ ಉತ್ತರಿಸಿದೆ. ‘ಎ’, ‘ದಿ’ಗಳು ಎಷ್ಟೋ ಕಡೆ ಬಿದ್ದುಹೋದವು. ಅವರು ಅವುಗಳನ್ನು ಗಮನಿಸಲಿಲ್ಲ, ಇಷ್ಟಲಿಂಗದ ಬಗ್ಗೆ ಇನ್ನೂ ಮೂರು ಪ್ರಶ್ನೆ ಕೇಳಿದರು.

ಈಗ ನನ್ನ ತಮ್ಮನ ಮಗಳು ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೆ ಹೊರಟಿದ್ದಾಳೆ. ತರಗತಿಯಲ್ಲಿ ಬರೆಯಲು ಬರುತ್ತದೆ, ಮಾತನಾಡಲು ನಾಲಿಗೆ ಹೊರಳುವುದಿಲ್ಲವೆಂದು ಅತ್ತಳು. ದಿನವೂ ರಾತ್ರಿ ಎಂಟು ಗಂಟೆಗೆ ಫೋನು ಮಾಡಿ ನನಗೆ ಪಾಠ ಒಪ್ಪಿಸೆಂದೆ. ‘ದೊಡ್ಡಪ್ಪಾ, ನಿಮಗೆ ಜರ್ಮನ್ ಎಲ್ಲಿ ತಿಳಿಯುತ್ತದೆ?’ ಎಂದಳು. ತಿಳಿಯುವುದಿಲ್ಲವೆಂದೆ. ಎರಡು ತಿಂಗಳಾಯಿತು, ಹತ್ತು ನಿಮಿಷ ಹೇಳುತ್ತಾಳೆ, ನಾನು ನಡುನಡುವೆ ‘ಹೂಂ’ ಎನ್ನುತ್ತೇನೆ. ಮೊನ್ನೆ ಹೇಳುತ್ತ ಹೇಳುತ್ತ ತಾನೇ ನಿಂತು, ‘ತಡೀರಿ ದೊಡ್ಡಪ್ಪಾ, ಅಲ್ಲಿ ತಪ್ಪಿದೆ’ ಎಂದು ಆ ವಾಕ್ಯವನ್ನು ಮೊದಲಿನಿಂದ ಹೇಳಿದಳು.