ಮತ್ಸ್ಯತೊಟ್ಟಿಯ ನಾಳಧ್ವನಿಯೂ ಕುಕ್ಕುಟನಾಡಿಯೂ

ಮನೆಯ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರಿಗೆ ಅದರ ನಾಳಗಳ ಗೊಳಗೊಳ ಸದ್ದು ನಿದ್ರಾಭಂಗವನ್ನುಂಟುಮಾಡುವುದುಂಟು. ತೊಟ್ಟಿಯಲ್ಲಿ ಉಕ್ಕಿದ ನೀರು ಇಳಿನಾಳದಿಂದ ಕೆಳಗಿನ ಶೋಧನಕುಂಡವನ್ನು ಸೇರಿ, ಪಂಪಿನ ಬಲದಿಂದ ಏರುನಾಳದಲ್ಲಿ ಹಿಂದಿರುಗುವುದು. ಇಳಿನಾಳದ ಸದ್ದಿಗೆ ಕಾರಣವು ನೀರಲ್ಲ. ನೀರಿನೊಡನೆ ಒಳಹೊಗುವ ವಾಯು.

1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ಅದರ ಯಂತ್ರಾಧ್ಯಾಯದಲ್ಲಿ, ಅಂಕುಶಾಕಾರದ ತಾಮ್ರನಾಳವನ್ನು ನೀರಿನಿಂದ ತುಂಬಿ, ಒಂದು ತುದಿಯನ್ನು ಪಾತ್ರೆಯ ನೀರಿನಲ್ಲಿಯೂ ಇನ್ನೊಂದನ್ನು ಹೊರಗೆ ಕೆಳಗೂ ಇರಿಸಿದರೆ ನೀರು ತಾನಾಗಿ ಹರಿಯುವುದೆಂದು ತಿಳಿಸಿರುವನು. ಶಿಲ್ಪಿಗಳಲ್ಲಿ ಇದು ಕುಕ್ಕುಟನಾಡಿಯೆಂದು ಪ್ರಸಿದ್ಧ. ‘ತುಂಬಿ’ ಎಂಬುದೇ ಇಲ್ಲಿಯ ಮರ್ಮ: ಪೂರ್ಣನಾಳದಲ್ಲಿ ವಾಯುವಿಗೆ ಎಡೆಯಿಲ್ಲ, ಆದುದರಿಂದ ಗೊಳಗೊಳ ಧ್ವನಿಯೂ ಇಲ್ಲ.

ಇಳಿನಾಳದ ಕೆಳಭಾಗದಲ್ಲಿ ಗೇಟ್ ವಾಲ್ವನ್ನಿಟ್ಟು ಮೆಲ್ಲನೆ ಬಿಗಿಯಬೇಕು. ಮೇಲಿನ ನೀರು ಏರಿ ನಾಳದ ಬಾಯಿ ಮುಳುಗಿದೊಡನೆ ಸದ್ದಡಗುವುದು. ಕೆಳತುದಿಯು ಕುಂಡದ ನೀರಿನಲ್ಲಿ ಸುಮಾರು 1 ಅಂಗುಲ ಮಾತ್ರ ಮುಳುಗಿರಲಿ. ಹೆಚ್ಚು ಮುಳುಗಿದರೆ ಆರಂಭದಲ್ಲಿ ಒಳಗಿನ ಗಾಳಿ ಹೊರಬೀಳದು. ಪಂಪಿನ ಕಂಪನಕ್ಕೆ ಅಡಿಯಲ್ಲಿ ಮೃದುವಾದ ಹಾಸು, ಏರುನಾಳಕ್ಕೆ ರಬ್ಬರಿನ ಜೋಡಣೆ ಉಚಿತ. ವಿದ್ಯುತ್ತು ನಿಂತಾಗ ಏರುನಾಳವೇ ಕುಕ್ಕುಟನಾಡಿಯಾಗಿ ತೊಟ್ಟಿಯ ನೀರನ್ನು ಕೆಳಕ್ಕೆಳೆಯುವುದು. ಅದನ್ನು ತಡೆಯಲು ನೀರಿನ ಮಟ್ಟದ ತುಸು ಕೆಳಗೆ ಅದರಲ್ಲಿ ಸಣ್ಣ ರಂಧ್ರವಿರಬೇಕು. ಇಲ್ಲಿ ವಾಯುವೇ ರಕ್ಷಕ.

ಪೂರ್ಣನಾಳಕ್ಕೆ ಒಂದು ದೋಷವುಂಟು. ಬಸವನಹುಳುವೊಂದು ಸಿಕ್ಕಿಕೊಂಡರೂ ಹರಿವು ಕುಗ್ಗಿ ನೀರು ನೆಲಕ್ಕೆ ಚೆಲ್ಲುವುದು. ಆದುದರಿಂದ ತುಸು ಎತ್ತರದಲ್ಲಿ ಬಾಯಿಯುಳ್ಳ, ವಾಲ್ವಿಲ್ಲದ ಎರಡನೆಯ ನಾಳವು ಅವಶ್ಯಕ. ಅದು ಸದಾ ಬರಿದಾಗಿರುವುದೆಂದು ವ್ಯರ್ಥವೆಂದೆಣಿಸಿ ಮುಚ್ಚತಕ್ಕದ್ದಲ್ಲ.