ಹಳೆಯ ಕಾರಿನ ಮೈಗೆ ಹಿಡಿದ ತುಕ್ಕು

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಕಾಫಿಗೂ ಏಲಕ್ಕಿಗೂ ಹಿತವಾದ ಈ ತೇವವು ಉಕ್ಕಿನ ತಗಡಿಗೆ ಪರಮ ವೈರಿ. ಮದರಾಸಿನ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇಂದು ಕಣ್ಣಿಗೆ ಬೀಳುವುದೇ ಅಪರೂಪ. ಅಂಥದೊಂದು ಕಾರು ಕೊಡಗಿನ ತೋಟವೊಂದರ ಕೊಟ್ಟಿಗೆಯಲ್ಲಿ ಹಲವು ಮಳೆಗಾಲಗಳನ್ನು ಕಳೆದಿದೆಯೆಂದು ಭಾವಿಸೋಣ. ಮೇಲ್ನೋಟಕ್ಕೆ ಬಣ್ಣವು ಅಲ್ಲಲ್ಲಿ ಗುಳ್ಳೆಯೆದ್ದಿದೆ, ಅಷ್ಟೆ. ಬಾಗಿಲಿನ ಕೆಳಗಿನ ಅಂಚನ್ನು ಸ್ಕ್ರೂಡ್ರೈವರಿನಿಂದ ಒತ್ತಿದರೆ ಅದು ಹಪ್ಪಳದಂತೆ ಮುರಿದುಬೀಳುತ್ತದೆ. ಹೊರಗೆ ಗುಳ್ಳೆ, ಒಳಗೆ ಟೊಳ್ಳು; ಇದಕ್ಕೆ ಕಾರಣವೇನು?

ತುಕ್ಕು ಹಿಡಿಯುವುದೊಂದು ವಿದ್ಯುದ್ರಾಸಾಯನಿಕ ಕ್ರಿಯೆ. ಉಕ್ಕಿನ ಮೇಲೆ ನಿಂತ ಒಂದು ನೀರಹನಿಯನ್ನು ಗಮನಿಸಿ. ಹನಿಯ ಅಂಚಿಗೆ ಗಾಳಿಯ ಆಮ್ಲಜನಕವು ಧಾರಾಳವಾಗಿ ದೊರೆಯುತ್ತದೆ, ನಡುಭಾಗಕ್ಕೆ ದೊರೆಯದು. ಹಾಗಾದರೆ ಅಂಚೇ ಮೊದಲು ಸವೆಯಬೇಕಲ್ಲವೆ? ಆಗುವುದು ಇದಕ್ಕೆ ತದ್ವಿರುದ್ಧ. ನಡುವಿನ ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತದೆ. ಆ ಎಲೆಕ್ಟ್ರಾನುಗಳು ಲೋಹದ ಮೂಲಕ ಅಂಚಿಗೆ ಹರಿದು ಅಲ್ಲಿ ಆಮ್ಲಜನಕವನ್ನೂ ನೀರನ್ನೂ ಕೂಡಿಕೊಳ್ಳುತ್ತವೆ. ಕೇಂಬ್ರಿಜ್ಜಿನ ವಿಜ್ಞಾನಿ ಯು. ಆರ್. ಇವಾನ್ಸ್ ಅವರು ಉಪ್ಪುನೀರಿನ ಹನಿಯೊಂದರಿಂದಲೇ ಇದನ್ನು ತೋರಿಸಿಕೊಟ್ಟರು. ಕಾರಿನಲ್ಲಿಯೂ ಹೀಗೆಯೇ: ತಗಡುಗಳನ್ನು ಮಡಿಸಿ ಕೂಡಿಸಿದ ಸಂದು, ಮಡ್‌ಗಾರ್ಡಿನ ಒಳಗೆ ಮೆತ್ತಿದ ಕೆಸರು, ನೆಲಹಾಸಿನ ಅಡಿ, ಹೀಗೆ ಗಾಳಿ ತಲಪದ, ತೇವವಾರದ ಎಡೆಗಳೇ ಮೊದಲು ಸವೆಯುತ್ತವೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಬಣ್ಣವನ್ನು ಮೇಲಕ್ಕೆತ್ತುತ್ತದೆ. ರಂಧ್ರಮಯವಾದುದರಿಂದ ನೀರನ್ನು ಹೀರಿ ಹಿಡಿದಿಡುತ್ತದೆ.

ಆದುದರಿಂದ ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದರೆ ಅದು ಒಂದು ಮಳೆಗಾಲದ ಚೆಲುವಷ್ಟೆ. ಹೊಳೆಯುವ ಲೋಹ ಕಾಣುವವರೆಗೂ ತಗಡನ್ನು ಕತ್ತರಿಸಲೇಬೇಕು. ಆದರೆ ಇಂಥ ಕಾರಿನ ಬಿಡಿಭಾಗಗಳು ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥವಲ್ಲ. ಕತ್ತರಿಸುವ ಮುನ್ನವೇ ಆ ಭಾಗದ ಆಕಾರವನ್ನು ರಟ್ಟಿನ ಮೇಲೆ ತೆಗೆದುಕೊಳ್ಳುವುದು ಅಗತ್ಯ. ಹೆರಾಲ್ಡಿನ ಮೈಯನ್ನು ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟುಗಳಿಂದ ಕೂರಿಸಿರುವುದು ಇಲ್ಲಿ ದೊಡ್ಡ ಅನುಕೂಲ. ಭಾಗಗಳನ್ನು ಕಳಚಿಯೇ ಕೆಲಸ ಮಾಡಬಹುದು. (ತುಕ್ಕು ಹಿಡಿದ ಬೋಲ್ಟು ತಿರುಗಲು ಒಪ್ಪಿದರೆ ಎಂಬ ಮಾತು ಬೇರೆ!) ಆಗ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಉಕ್ಕು ‘ಠಣ್’ ಎನ್ನುತ್ತದೆ. ಸವೆದುದರ ಸದ್ದು ಮಂಕು. ಬಾಗಿಲು ತೂತಾದರೆ ಅಂದ ಕೆಡುತ್ತದೆ. ಚಾಸಿ ಸವೆದರೆ ಘಟ್ಟದ ತಿರುವಿನಲ್ಲಿ ಪ್ರಾಣಕ್ಕೇ ಸಂಚಕಾರ.

ಬೆಸುಗೆಗೆ ಮೊದಲು ಡಿಕ್ಕಿಯಲ್ಲಿರುವ ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಡಬೇಕು. ಒಂದೇ ಸಮನೆ ಬೆಸೆದರೆ ತೆಳುವಾದ ತಗಡು ಕಾವಿಗೆ ಹಿಗ್ಗಿ ಸೊಟ್ಟಾಗುತ್ತದೆ. ಟಿಂಕರ್ ಕೆಲಸ ಬಲ್ಲವರು ಇಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು ಚುಕ್ಕೆ ಬೆಸೆದು, ತಣಿಯಗೊಟ್ಟು, ಅನಂತರ ನಡುವಿನ ಎಡೆಯನ್ನು ತುಂಬುತ್ತಾರೆ. ಬೆಸುಗೆಯನ್ನು ಉಜ್ಜಿ ನಯಗೊಳಿಸಿದ ಮೇಲೆ ಸತುವಿನ ಪುಡಿ ಬೆರೆತ ಪ್ರೈಮರನ್ನು ಬರಿಯ ಉಕ್ಕಿಗೆ ತಾಗುವಂತೆ ಬಳಿಯಬೇಕು. ಸತುವು ಕಬ್ಬಿಣಕ್ಕಿಂತ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ; ತಾನು ಸವೆದು ಉಕ್ಕನ್ನು ಕಾಯುತ್ತದೆ.

ನೀರಿಳಿಯಲೆಂದು ಬಾಗಿಲಿನ ಅಡಿಯಲ್ಲಿ ಬಿಟ್ಟಿರುವ ಸಣ್ಣ ತೂತುಗಳು ಬಣ್ಣದಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ದುರಸ್ತಾದ ಕಾರನ್ನು ಟಾರ್ಪಾಲಿನಿಂದ ಬಿಗಿಯಾಗಿ ಹೊದೆಸಿಡುವವರುಂಟು. ಅದರೊಳಗೆ ಸಿಕ್ಕಿಕೊಂಡ ಆವಿಯು ರಾತ್ರಿಯ ತಂಪಿಗೆ ತಗಡಿನ ಮೇಲೆಯೇ ಹನಿಗಟ್ಟುತ್ತದೆ. ಗಾಳಿಯಾಡುವ ಮಾಡಿನ ಕೆಳಗೆ ನಿಲ್ಲಿಸುವುದು ಲೇಸು.